ಕೋಶಕ್ಷಯ-ಪೃಷ್ಠಕವಾಟ ಮೀಮಾಂಸೆ: ಪ್ರಥಮ ಪರಿಚ್ಛೇದ

ಕುದುರೆಗಳಿಗೆ ಶಾಲಿಹೋತ್ರನ ಶಾಸ್ತ್ರವುಂಟು, ಆನೆಗಳಿಗೆ ಪಾಲಕಾಪ್ಯನ ಹಸ್ತ್ಯಾಯುರ್ವೇದವುಂಟು. ಸಾಯಂಕಾಲ ಸ್ವಸ್ಥವಾಗಿ ನಿಲ್ಲಿಸಿದ ಕಾರು ಬೆಳಗ್ಗೆ ಕೀಲಿಗೆ ಓಗೊಡದಿರುವುದು, ಅದರ ಹಿಂಬಾಗಿಲು ಗುಂಡಿ ಒತ್ತಿದರೆ ಮೂರು ಸಲ ಕೂಗಿ ಸುಮ್ಮನಾಗುವುದು, ಈ ವ್ಯಾಧಿದ್ವಯಕ್ಕೆ ಮಾತ್ರ ಸೂತ್ರವೂ ಇಲ್ಲ, ಭಾಷ್ಯವೂ ಇಲ್ಲ. ಇರುವುದು ಮೆಕ್ಯಾನಿಕರ ಮೌಖಿಕ ಪರಂಪರೆಯೊಂದೇ. ಆದ್ದರಿಂದ ಅನುಬಂಧಚತುಷ್ಟಯವನ್ನು ಮೊದಲು ಹೇಳುತ್ತೇವೆ. ವಿಷಯ: 12 ವೋಲ್ಟಿನ ವಿದ್ಯುತ್ಕೋಶ ಮತ್ತು ವಿದ್ಯುಚ್ಚಾಲಿತ ಪೃಷ್ಠಕವಾಟ. ಪ್ರಯೋಜನ: ಪ್ರಾತಃಕಾಲದ ಪ್ರಯಾಣ. ಅಧಿಕಾರಿ: ಸಾಲದ ಕಂತು ಮುಗಿಯುವ ಮೊದಲೇ ವಾರಂಟಿ ಮುಗಿದವನು. ಸಂಬಂಧ: ಎರಡೂ ಒಂದೇ ಕಾರಿನಲ್ಲಿರುವುದು; ಇದಕ್ಕಿಂತ ಗಾಢವಾದ ಸಂಬಂಧವೊಂದನ್ನು ಮುಂದೆ ಸ್ಥಾಪಿಸಲಿದ್ದೇವೆ.

ಪರಿಭಾಷೆ. ಪೃಷ್ಠಕವಾಟವು ಮುಚ್ಚುವ ಸ್ಥಳಕ್ಕೆ ಲೋಕದಲ್ಲಿ 'ಡಿಕ್ಕಿ' ಎಂಬ ವ್ಯವಹಾರವಿದೆ. ಇಂಗ್ಲೆಂಡಿನ ಕುದುರೆಗಾಡಿಗಳ ಹಿಂಬದಿಯಲ್ಲಿ ಸೇವಕನು ಕೂರುತ್ತಿದ್ದ ಆಸನದ ಹೆಸರು ಅದು. ಸೇವಕನು ಹೋದ, ಸಾಮಾನು ಬಂತು, ಹೆಸರು ಉಳಿಯಿತು. ಅದೇ ಶಬ್ದವು ಕನ್ನಡದಲ್ಲಿ ಅಪಘಾತವನ್ನೂ ಬೋಧಿಸುವುದರಿಂದ 'ಡಿಕ್ಕಿ ಆಯಿತು' ಎಂದವನಿಗೆ ಗ್ಯಾರೇಜಿನಲ್ಲಿ ಒಂದು ಉತ್ತರ, ವಿಮಾ ಕಚೇರಿಯಲ್ಲಿ ಇನ್ನೊಂದು. ಶಾಸ್ತ್ರದಲ್ಲಿ ಶ್ಲೇಷ ದೋಷವಾದ್ದರಿಂದ ಆ ಪದವನ್ನು ಇಲ್ಲಿಗೇ ಬಿಡುತ್ತೇವೆ.

ಕೋಶದ ಅವಸ್ಥೆಗಳ ವಿಷಯದಲ್ಲಿ ಲೋಕವ್ಯವಹಾರವೇ ನಮಗಿಂತ ಸೂಕ್ಷ್ಮವಾಗಿದೆ. ಮೆಕ್ಯಾನಿಕರು ಬ್ಯಾಟರಿ 'ಇಳಿದಿದೆ', 'ಕೂತಿದೆ', 'ಮಲಗಿದೆ', 'ಹೋಗಿದೆ' ಎಂದು ಕ್ರಮವಾಗಿ ನಾಲ್ಕು ಭಂಗಿಗಳನ್ನು ಹೇಳುತ್ತಾರೆ. ನಾವು ಮಾಡಿದ್ದಿಷ್ಟೇ: ಭಂಗಿಗಳಿಗೆ ಅಂಕಗಳನ್ನು ಜೋಡಿಸಿದ್ದು. ಗಾಡಿ ನಿಂತು ಕೆಲವು ತಾಸು ಕಳೆದ ಮೇಲೆ ಧ್ರುವಗಳ ನಡುವೆ 12.6 ವೋಲ್ಟ್ ಇದ್ದರೆ ಕೋಶವು ಪೂರ್ಣ. 12.2ಕ್ಕೆ ಬಂದರೆ ಅರ್ಧ ಬರಿದು, ಅದು ಇಳಿದದ್ದು. 12ರ ಆಸುಪಾಸು ಕೂತದ್ದು. 11.8ರ ಕೆಳಗೆ ಮಲಗಿದ್ದು. ಚಾರ್ಜ್ ಮಾಡಿದರೂ ಏಳದಿದ್ದರೆ ಹೋದದ್ದು. ಪೂರ್ಣಕೋಶಕ್ಕೆ ಮಾತ್ರ ಯಾವ ಕ್ರಿಯಾಪದವೂ ಇಲ್ಲವೆಂಬುದು ಗಮನಾರ್ಹ. 'ನಿಂತಿದೆ' ಎಂದರೆ ಅದು ಗಾಡಿಗೆ ಅನ್ವಯಿಸುತ್ತದೆ, ಅರ್ಥವೂ ವಿಪರೀತವಾಗುತ್ತದೆ.

ಲಕ್ಷಣ. ಬೀಗ ಹಾಕಿದ ವಾಹನದಲ್ಲಿ, ಸ್ವಾಮಿಯ ಅನುಮತಿಯಿಲ್ಲದೆ, 50 ಮಿಲಿ ಆಂಪಿಯರನ್ನು ಮೀರಿ, ನಿರಂತರವಾಗಿ ನಡೆಯುವ ವಿದ್ಯುದ್ವ್ಯಯವೇ ಕೋಶಕ್ಷಯ.

ಪದಕೃತ್ಯ. 'ಬೀಗ ಹಾಕಿದ' ಎನ್ನದಿದ್ದರೆ ಎಂಜಿನ್ ಆರಿಸಿ ಹಾಡು ಕೇಳುತ್ತ ಕುಳಿತವನಲ್ಲಿ ಅತಿವ್ಯಾಪ್ತಿ. 'ಅನುಮತಿಯಿಲ್ಲದೆ' ಎನ್ನದಿದ್ದರೆ ಆಯುಧಪೂಜೆಯ ದಿನ ಅತಿವ್ಯಾಪ್ತಿ. ಅಂದು ಮೈಸೂರಿನ ನಮ್ಮ ಬೀದಿಯಲ್ಲಿ ನಾಲ್ಕು ಬಾಗಿಲೂ ತೆರೆದು, ದೀಪಗಳು ಉರಿದು, ಬಾಳೆಕಂದಿನ ಮಧ್ಯೆ ಮಧ್ಯಾಹ್ನದವರೆಗೆ ಭಕ್ತಿಗೀತೆ ನಡೆಯುತ್ತದೆ, ಬೂದುಗುಂಬಳಕಾಯಿ ಒಡೆಯುವ ಹೊತ್ತಿಗೆ ಕೋಶವು ಕೂತಿರುತ್ತದೆ. (ಅನುಮತಿ ಕೊಟ್ಟವನು ಸ್ವಾಮಿಯಲ್ಲ, ಸ್ವಾಮಿಯ ಭಾವಮೈದುನ ಎಂಬ ಪಕ್ಷದ ವಿಚಾರ ದ್ವಿತೀಯ ಪರಿಚ್ಛೇದದಲ್ಲಿದೆ.) '50 ಮಿಲಿ ಆಂಪಿಯರನ್ನು ಮೀರಿ' ಎಂದದ್ದು ಸಹಜವ್ಯಯವನ್ನು ಹೊರಗಿಡಲು. ಗಡಿಯಾರ, ರಿಮೋಟಿನ ಕರೆಗೆ ಕಾದಿರುವ ಗ್ರಾಹಕ, ಕಳ್ಳರ ಎಚ್ಚರಿಕೆ, ಇವು ಉಸಿರಾಟದಂತೆ ಅನಿವಾರ್ಯ. ದಿನಕ್ಕೆ 1.2 ಆಂಪಿಯರ್-ಗಂಟೆಯ ಈ ವ್ಯಯದಲ್ಲಿ 60 ಆಂಪಿಯರ್-ಗಂಟೆಯ ಕೋಶ ಬರಿದಾಗಲು 50 ದಿನ ಬೇಕು. 'ನಿರಂತರ' ಎಂಬ ಪದವೇ ಅತಿ ಮುಖ್ಯ. ಬೀಗ ಹಾಕಿದ ಕೂಡಲೇ ಕಾರು ಮಲಗುವುದಿಲ್ಲ. ಅದರ ನಿಯಂತ್ರಣ ಘಟಕಗಳು ಒಂದೊಂದಾಗಿ ಕಣ್ಣು ಮುಚ್ಚಲು ಕೆಲವು ಗಾಡಿಗಳಲ್ಲಿ 10 ನಿಮಿಷ, ಕೆಲವದರಲ್ಲಿ 40 ನಿಮಿಷ ಹಿಡಿಯುತ್ತದೆ. ಅದಕ್ಕೆ ಮೊದಲೇ ಮಾಪಕ ಹಿಡಿದು ರೋಗವೆಂದು ಕೂಗಿದವನು, ಹಾಸಿಗೆ ಹಾಸುತ್ತಿರುವವನನ್ನು ನೋಡಿ ನಿದ್ರಾಹೀನನೆಂದು ನಿರ್ಣಯಿಸಿದಂತೆ.

ಕ್ಷಯವು ತ್ರಿವಿಧ. (1) ಪ್ರಮಾದಜ: ಮರೆತ ದೀಪದಿಂದಾದದ್ದು, ಇದರಲ್ಲಿ ಶಾಸ್ತ್ರಕ್ಕೆ ಕೆಲಸವಿಲ್ಲ, ಮನೆಯವರಿಗೆ ಇದೆ. (2) ಪರಾಶ್ರಿತಜ: ಮಾರಾಟದ ನಂತರ ಜೋಡಿಸಿದ ಡ್ಯಾಶ್‌ಕ್ಯಾಮ್, ಜಿಪಿಎಸ್, ಬಣ್ಣದ ದೀಪಗಳಿಂದಾದದ್ದು. ಸದಾ ಜೀವಂತವಾದ ತಂತಿಗೆ ಇವುಗಳನ್ನು ಕಟ್ಟಿದ್ದರೆ ಅಪರಾಧಿ ಯಾರೆಂದು ತಂತಿಯ ಟೇಪೇ ಹೇಳುತ್ತದೆ. (3) ಅನಿದ್ರಾಜ: ಒಂದು ಘಟಕವು ನಿದ್ರಿಸದೆ ಜಾಲದಲ್ಲಿ ಮಾತಾಡುತ್ತಲೇ ಇದ್ದು ಉಳಿದವುಗಳನ್ನೂ ಮಲಗಗೊಡದಿರುವುದರಿಂದಾದದ್ದು. ಮದುವೆಯ ಹಿಂದಿನ ರಾತ್ರಿ ಕಲ್ಯಾಣಮಂಟಪದಲ್ಲಿ ಜಮಖಾನದ ಮೇಲೆ ಮಲಗಿದವರಿಗೆ ದೃಷ್ಟಾಂತ ಬೇಡ. ಕೀಲಿಯಿಲ್ಲದೆ ತೆರೆಯುವ ಕಾರಿನ ಪಕ್ಕದ ಗೋಡೆಯ ಮೊಳೆಗೆ ಅದರ ಕೀಲಿಯನ್ನೇ ತೂಗುಹಾಕುವುದೂ ಇದರ ಉಪಪ್ರಭೇದ; ಅದು ರಾತ್ರಿಯಿಡೀ ಕಾರನ್ನು ಹೆಸರು ಹಿಡಿದು ಕರೆಯುತ್ತಿರುತ್ತದೆ. ಹಳತಾಗಿ ಚಾರ್ಜ್ ಹಿಡಿದಿಡಲಾರದ ಕೋಶವನ್ನು ನಾಲ್ಕನೆಯ ಪ್ರಭೇದವೆಂದು ಕೆಲವರು ಎಣಿಸುತ್ತಾರೆ. ಅಲ್ಲ. ಅದು ವೃದ್ಧಾಪ್ಯ, ವ್ಯಾಧಿಯಲ್ಲ. 1859ರಲ್ಲಿ ಗಾಸ್ಟನ್ ಪ್ಲಾಂಟೆ ಸೀಸ-ಆಮ್ಲ ಕೋಶವನ್ನು ರಚಿಸಿದಂದಿನಿಂದ ಯಾವ ಕೋಶವೂ ಅಮರವಾಗಿಲ್ಲ.

ಇನ್ನು ಪೃಷ್ಠಕವಾಟದ ವಿಕಾರಗಳು. ಇದನ್ನು ಎತ್ತುವುದು ಎರಡು ಬದಿಯ ಮೋಟಾರುಕಡ್ಡಿಗಳು, ಕೊನೆಯ ಬೆರಳಗಲವನ್ನು ಎಳೆದು ಮುಚ್ಚುವುದು ಅಗಳಿಯ ಮೋಟಾರು. (ಅ) ಅನುದ್ಘಾಟನ, ತೆರೆಯದಿರುವುದು: ಕೋಶವು ಇಳಿದಾಗ ಘಟಕವು ಮೊದಲು ಕೈಬಿಡುವ ಭೋಗಗಳಲ್ಲಿ ಇದೂ ಒಂದು. (ಆ) ಅರ್ಧೋದ್ಘಾಟನ: ಬಹುಪಾಲು ರೋಗವೇ ಅಲ್ಲ, ತಗ್ಗು ಸೂರಿನ ನೆಲಮಾಳಿಗೆಗೆಂದು ಯಾರೋ ಎತ್ತರವನ್ನು ನಿಗದಿಪಡಿಸಿ ಮರೆತಿರುತ್ತಾರೆ. (ಇ) ಪ್ರತ್ಯಾಗಮನ, ಮುಚ್ಚುತ್ತ ಬಂದು ಮರಳಿ ಏಳುವುದು: ಅಂಚಿನ ಸಂವೇದಕಕ್ಕೆ ಬೆರಳು ಸಿಕ್ಕಿದೆಯೆಂಬ ಭ್ರಮೆ, ಇಲ್ಲವೇ ನಿಜವಾಗಿಯೂ ಅಕ್ಕಿಚೀಲ. (ಈ) ವಿಸ್ಮೃತಿ: ಬ್ಯಾಟರಿ ಕಳಚಿ ಜೋಡಿಸಿದ ಮೇಲೆ ತನ್ನ ಆದಿ-ಅಂತ್ಯಗಳನ್ನು ಮರೆಯುವುದು, ಕೈಯಿಂದ ಪೂರ್ತಿ ಮುಚ್ಚಿ, ಅನಂತರ ಗುಂಡಿಯಿಂದ ಪೂರ್ತಿ ತೆರೆಸಿದರೆ ಅನೇಕ ಗಾಡಿಗಳಲ್ಲಿ ಸ್ಮೃತಿ ಮರಳುತ್ತದೆ. (ಉ) ಸ್ನಾಯುಚ್ಛೇದ: ತಿರುಗಣಿಯ ಬಳಿ ರಬ್ಬರ್ ಕೊಳವೆಯೊಳಗೆ ಸಾವಿರಾರು ಸಲ ಮಡಚಿದ ತಂತಿ ಒಳಗೇ ತುಂಡಾಗುವುದು; ಹೊರಗಿನಿಂದ ಕಾಣದು, ಆದ್ದರಿಂದ ಮೊದಲು ಅಲ್ಲೇ ನೋಡಬೇಕು. ಬಂಪರಿನಡಿ ಕಾಲಾಡಿಸಿದರೆ ತೆರೆಯುವ ಪ್ರಭೇದವೊಂದಿದೆ. ಸುಂದರಿಯ ಪಾದಾಘಾತದಿಂದ ಅಶೋಕವೃಕ್ಷ ಅರಳುತ್ತದೆಂಬುದು ಕವಿಸಮಯ. ಇದನ್ನು ಷೋರೂಂಸಮಯವೆಂದು ಕರೆದು ಮುಂದುವರಿಯುತ್ತೇವೆ.

ಈಗ ಗ್ರಂಥದ ಹೃದಯ. ನಮ್ಮ ಸ್ವಂತ ವಾಹನದಲ್ಲಿ ಎರಡು ರಾತ್ರಿಗೊಮ್ಮೆ ಕೋಶವು ಕೂರುತ್ತಿತ್ತು, ಪೃಷ್ಠಕವಾಟವೂ ಕೈಕೊಡುತ್ತಿತ್ತು. ಅಧಿಕೃತ ದುರಸ್ತಿಶಾಲೆಯೊಂದು ಇವನ್ನು ಎರಡು ರೋಗಗಳೆಂದು ಎಣಿಸಿ ಎರಡು ಬಿಲ್ಲು ಕೊಟ್ಟಿತು. ಅದು ಭೇದವಾದ. ಋಣಧ್ರುವದ ತಂತಿಯನ್ನು ಬಿಡಿಸಿ ಮಾಪಕವನ್ನು ಸರಣಿಯಲ್ಲಿ ಸೇರಿಸಿ ನೋಡಿದರೆ 620 ಮಿಲಿ ಆಂಪಿಯರ್! ದಿನಕ್ಕೆ ಸುಮಾರು 15 ಆಂಪಿಯರ್-ಗಂಟೆ. ಮೂಲವನ್ನು ಹುಡುಕಲು ಪ್ರಾಚೀನರ ಮಾರ್ಗ 'ನೇತಿ ನೇತಿ': ಒಂದೊಂದೇ ಫ್ಯೂಸ್ ಕಿತ್ತು, ಇದಲ್ಲ, ಇದಲ್ಲ ಎನ್ನುವುದು. ಆದರೆ ಕಿತ್ತ ಫ್ಯೂಸನ್ನು ಮರಳಿ ಇಟ್ಟಾಗ ಮಲಗಿದ ಘಟಕಗಳು ಏಳುತ್ತವೆ. ಆದ್ದರಿಂದ ನವ್ಯರು ಫ್ಯೂಸನ್ನು ಕೀಳದೆ ಅದರ ನೆತ್ತಿಯ ಎರಡು ಲೋಹಬಿಂದುಗಳ ನಡುವಿನ ಮಿಲಿವೋಲ್ಟುಗಳನ್ನು ಅಳೆಯುತ್ತಾರೆ. ನಾವು ನವ್ಯರು. ಸೊನ್ನೆಯಾಗದ ಫ್ಯೂಸು ಪೃಷ್ಠಕವಾಟದ್ದೇ ಆಗಿತ್ತು.

ಅದರ ಅಗಳಿಯೊಳಗೆ ಒಂದು ಕಿರುಸ್ವಿಚ್ ಇರುತ್ತದೆ. ಬಾಗಿಲು ಮುಚ್ಚಿದೆಯೆಂದು ಕಾರು ತಿಳಿಯುವುದು ಅದರ ಮೂಲಕವೇ. ಅದು ಸವೆದಿತ್ತು. ಮುಚ್ಚಿದ ಬಾಗಿಲಿನಲ್ಲಿ ತೆರೆದ ಬಾಗಿಲಿನ ಜ್ಞಾನ, ಶುಕ್ತಿಯಲ್ಲಿ ರಜತದಂತೆ. ಇದು ನೈಯಾಯಿಕರ ಅನ್ಯಥಾಖ್ಯಾತಿಯೋ, ಶೃಂಗೇರಿಯವರು ಹೇಳುವ ಅನಿರ್ವಚನೀಯಖ್ಯಾತಿಯೋ ಎಂದು ನಿರ್ಣಯಿಸಲು ಒಂದು ವಾರ ಹಿಡಿಯಿತು; ಅಷ್ಟರಲ್ಲಿ ಕೋಶ ಮೂರು ಸಲ ಕೂತಿತು. ಫಲ ಇಷ್ಟು: ಬಾಗಿಲು ತೆರೆದಿದೆಯೆಂದು ನಂಬಿದ ಕಾರು ಮಲಗುವುದಿಲ್ಲ, ಮಲಗದ ಕಾರಿನ ಕೋಶ ಇಳಿಯುತ್ತದೆ, ಇಳಿದ ಕೋಶದಿಂದ ಅಗಳಿ ಪೂರ್ತಿ ಎಳೆದುಕೊಳ್ಳುವುದಿಲ್ಲ, ಎಳೆದುಕೊಳ್ಳದ ಬಾಗಿಲು ನಿಜಕ್ಕೂ ತೆರೆದೇ ಇರುತ್ತದೆ. ಭ್ರಮೆಯು ತನ್ನ ವಿಷಯವನ್ನು ತಾನೇ ನಿರ್ಮಿಸಿ ಪ್ರಮೆಯಾಗುವ ಈ ಪ್ರಸಂಗವನ್ನು ಯಾವ ಆಚಾರ್ಯರೂ ಊಹಿಸಿದಂತಿಲ್ಲ. ಶುದ್ಧ ಅನ್ಯೋನ್ಯಾಶ್ರಯ. ಇದರ ಪರಾಕಾಷ್ಠೆ, ಕೋಶವನ್ನೇ ಹಿಂಬದಿಯ ನೆಲದಡಿ ಇಟ್ಟಿರುವ ಕೆಲವು ವಿದೇಶಿ ಕಾರುಗಳಲ್ಲಿದೆ: ಕೋಶ ಸತ್ತರೆ ಬಾಗಿಲು ತೆರೆಯದು, ಬಾಗಿಲು ತೆರೆಯದೆ ಕೋಶ ಸಿಗದು. ಅದಕ್ಕೆಂದೇ ತಯಾರಕರು ಬಾನೆಟ್ಟಿನಡಿ ಬೇರೆ ಧ್ರುವಗಳನ್ನಿಟ್ಟು ಚಕ್ರವನ್ನು ಕತ್ತರಿಸುತ್ತಾರೆ.

ಅಗಳಿ ಬದಲಾಯಿತು. ಉಳಿದದ್ದು ಒಂದೇ ಸಂಶಯ: ಬಾಗಿಲು ಮುಚ್ಚಿದಾಗ ಒಳಗಿನ ದೀಪ ಆರುತ್ತದೆಯೆ? 5 ವ್ಯಾಟಿನ ಆ ಬಲ್ಬೊಂದೇ 400 ಮಿಲಿ ಆಂಪಿಯರ್ ಕುಡಿಯುತ್ತದೆ. ತೆರೆದು ನೋಡಿದರೆ ಸದಾ ಉರಿಯುತ್ತಿರುತ್ತದೆ. ಮೊಬೈಲನ್ನು ಚಿತ್ರೀಕರಣಕ್ಕೆ ಹಚ್ಚಿ ಒಳಗಿಟ್ಟೆವು. ದೊರೆತದ್ದು 40 ನಿಮಿಷಗಳ ಕತ್ತಲು. ಕತ್ತಲು ದ್ರವ್ಯವೆಂದು ಭಾಟ್ಟರು, ಬೆಳಕಿನ ಅಭಾವವೆಂದು ತಾರ್ಕಿಕರು. ನಮ್ಮ ಪ್ರಸಂಗದಲ್ಲಿ ಅದು ಮೊಬೈಲಿನ ಮೇಲೆ ಬಿದ್ದ ಕಂಬಳಿಯೂ ಆಗಿರಬಹುದಿತ್ತು. ಪ್ರತ್ಯಕ್ಷವೇ ಗತಿ. ಗಾಜನ್ನು ಎರಡು ಅಂಗುಲ ಇಳಿಸಿ, ನಾವೇ ಒಳಗೆ ಮಲಗಿ ಬಾಗಿಲು ಮುಚ್ಚಿಸಿಕೊಂಡೆವು. ಬಾನೆಟ್ಟು ತೆರೆದೇ ಇತ್ತು, ಮಾಪಕ ಅಲ್ಲಿದ್ದುದರಿಂದ. ಅದು ಮುಚ್ಚಿದೆಯೆಂದು ಕಾರು ನಂಬಲಿ ಎಂದು ಅದರ ಅಗಳಿಗೆ ಸ್ಕ್ರೂಡ್ರೈವರ್ ಸಿಕ್ಕಿಸಿದ್ದೆವು. ದೀಪ ಆರಿತು. 23ನೆಯ ನಿಮಿಷದಲ್ಲಿ ಮಾಪಕದ ಬಳಿಯಿಂದ ಮನೆಯಾಕೆಯ ಆಪ್ತವಾಕ್ಯ ಕೇಳಿಸಿತು: ಸೊನ್ನೆ ಪಾಯಿಂಟ್ ಸೊನ್ನೆ ಎರಡು ಎಂಟು, ಒಲೆಯ ಮೇಲೆ ಹಾಲಿದೆ. ಪೃಷ್ಠಕವಾಟವನ್ನು ಒಳಗಿನಿಂದ ತೆರೆಯುವ ತುರ್ತುಸನ್ನೆಯ ಮುಚ್ಚಳವನ್ನು ಮೀಟಲು ಬೇಕಾದ ಸ್ಕ್ರೂಡ್ರೈವರ್ ಬಾನೆಟ್ಟಿನ ಅಗಳಿಯಲ್ಲಿತ್ತು. ಹಿಂದಿನ ಆಸನವನ್ನು ಮಡಚಿ ಹೊರಬರಬಹುದಿತ್ತು, ಆದರೆ ಬಾಗಿಲು ತೆರೆದರೆ ಕಾರು ಎಚ್ಚರಗೊಳ್ಳುತ್ತದೆ, ಮತ್ತು ನಿಯಮಿತ 40 ನಿಮಿಷಗಳಲ್ಲಿ ಇನ್ನೂ 17 ಉಳಿದಿದ್ದವು.