ಮೂರು ಕೋರುಗಳಿಗೆ ಕೆಲಸ ಹಂಚುವ ಕೈಪಿಡಿ

ಪೆಟ್ಟಿಗೆ ಬಿಚ್ಚಬೇಡಿ. ಇಂಜಿನ್ನಿನ ಪಕ್ಕ ಕೂತು ಅದನ್ನು ಆಳುವ ಈ ಪುಟ್ಟ ಕಂಪ್ಯೂಟರಿನ (ಇಸಿಯು) ಒಳಗೆ ಮೂರು ಕೋರುಗಳಿವೆ. ಒಂದೇ ಇದ್ದಾಗ ಸುಖವಾಗಿತ್ತು ಎಂದು ಹಳಬರು ಹೇಳಿದರೆ ನಗಬೇಡಿ. ನಿಮಗೂ ಹಾಗನ್ನಿಸುವ ದಿನ ದೂರವಿಲ್ಲ.

ಕೆಲಸಗಳ ಪಟ್ಟಿ ಮಾಡಿ. 1 ಮಿಲಿಸೆಕೆಂಡಿಗೊಮ್ಮೆ, 10ಕ್ಕೊಮ್ಮೆ, 100ಕ್ಕೊಮ್ಮೆ ಬರುವವು ಶಿಸ್ತಿನವು. ತಂಟೆಯದು ಕ್ರ್ಯಾಂಕ್‌ಶಾಫ್ಟ್ ಕರೆದಾಗ ಓಡಿಬರುವ ಟಾಸ್ಕ್. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಇಂಜಿನ್ 800 ಆರ್‌ಪಿಎಂನಲ್ಲಿ ಗುರುಗುಟ್ಟುವಾಗ ಎರಡು ದಹನಗಳ ನಡುವೆ 37.5 ಮಿಲಿಸೆಕೆಂಡ್ ಬಿಡುವಿರುತ್ತದೆ. 6000ಕ್ಕೆ ಏರಿತೋ, ಬರೀ 5. ಲೆಕ್ಕ ಮಾತ್ರ ಹೆಚ್ಚುಕಡಿಮೆ ಅಷ್ಟೇ. (ಜಾಣರು ವೇಗ ಏರಿದಾಗ ಕೆಲವನ್ನು ಕೈಬಿಡುತ್ತಾರೆ.) ಸಿಗ್ನಲ್ಲಿನಲ್ಲಿ ನಿಂತ ಕಾರು ನೋಡಿ ಹೊರೆ ಅಳೆದವರು ಘಾಟಿ ಹತ್ತುವಾಗ ಪರಿತಪಿಸುತ್ತಾರೆ.

ಇನ್ನು ಪಾಲು. ಫೋನಿನಲ್ಲಾದರೆ ಬಿಡುವಿದ್ದ ಕೋರಿಗೆ ಕೆಲಸ ತಾನೇ ದಾಟಿಕೊಳ್ಳುತ್ತದೆ. ಇಸಿಯು ಸಾಫ್ಟ್‌ವೇರಿನ ಮಾನದಂಡವಾದ ಆಟೋಸಾರ್ ಕ್ಲಾಸಿಕ್‌ನಲ್ಲಿ ಆ ಸಲುಗೆಯಿಲ್ಲ. ಯಾವ ಟಾಸ್ಕ್ ಯಾರದು ಎಂಬುದು ಕಾರು ರಸ್ತೆಗಿಳಿಯುವ ಮೊದಲೇ ಬರೆದಿಟ್ಟ ಪಾಲುಪಟ್ಟಿ. ಆಮೇಲೆ ಅಣ್ಣ ಬೆವರು ಸುರಿಸುತ್ತಿದ್ದರೂ ತಮ್ಮ ಜಗಲಿಯಿಂದ ಏಳುವಂತಿಲ್ಲ. ಹಾಗಾಗಿ ಜಗಳವೆಲ್ಲ ಪಾಲಿನ ದಿನವೇ ಮುಗಿಯಲಿ. ಒಂದೇ ಡೇಟಾ ಮುಟ್ಟುವ ಕೆಲಸಗಳನ್ನು ಒಂದೇ ಮನೆಯಲ್ಲಿಡಿ. ಇಲ್ಲದಿದ್ದರೆ ಒಂದೇ ಬಾವಿಯ ದಾಯಾದಿಗಳ ಪಾಡು: ಒಬ್ಬನ ಕೊಡ ಒಳಗಿರುವಾಗ ಇನ್ನೊಬ್ಬ ಹಗ್ಗ ಹಿಡಿದು ಅಲ್ಲೇ ಸುತ್ತುತ್ತಿರುತ್ತಾನೆ. ಅದಕ್ಕೆ ಸ್ಪಿನ್‌ಲಾಕ್ ಎಂದೇ ಹೆಸರು. ಹೊರೆಯ ಲೆಕ್ಕದಲ್ಲಿ ಆ ಸುತ್ತಾಟವೂ ದುಡಿಮೆಯೆಂದೇ ಜಮೆಯಾಗುತ್ತದೆ!

ಎಚ್ಚರಿಕೆ: ಲಾಕ್‌ಸ್ಟೆಪ್ ಕೋರನ್ನು ಬಿಟ್ಟಿ ಆಳೆಂದು ಎಣಿಸಬೇಡಿ. ಜೋಡಿ ಕೋರು ಮಾಡಿದ ಲೆಕ್ಕವನ್ನೇ ಮತ್ತೆ ಮಾಡುವುದು ಅದರ ಕೆಲಸ. ತಾಳೆಯಾಗದಿದ್ದರೆ ಕೂಗು ಏಳುತ್ತದೆ.

ಖಾಲಿ ಸಮಯ ಕಂಡರೆ ಯಾರಿಗೂ ಕೈ ತುರಿಸುತ್ತದೆ. "ಎರಡನೇ ಕೋರು ಬರೀ 55 ಪರ್ಸೆಂಟ್ ಅಲ್ವೇನ್ರೀ, ಹೊಸ ಫೀಚರ್ ಅಲ್ಲಿಗೇ ಹಾಕಿ" ಎಂದು ಮ್ಯಾನೇಜರ್ ಬಂದೇ ಬರುತ್ತಾರೆ. ಎಷ್ಟು ತುಂಬಬಹುದು ಎಂಬುದಕ್ಕೆ ಸಂಶೋಧಕರಾದ ಲಿಯು ಮತ್ತು ಲೇಲ್ಯಾಂಡ್ 1973ರಲ್ಲೇ ಒಂಟಿ ಪ್ರೊಸೆಸರಿಗೆ ಒಂದು ಗೆರೆ ಎಳೆದಿದ್ದರು. ಪದೇಪದೇ ಬರುವ ಕೆಲಸಕ್ಕೆ ಹೆಚ್ಚು ಆದ್ಯತೆ ಕೊಡಿ. ಒಂದಕ್ಕೊಂದು ಕಾಯದ ಟಾಸ್ಕುಗಳು ಎಷ್ಟೇ ಇರಲಿ, ಒಟ್ಟು ಹೊರೆ ಸುಮಾರು 69 ಪರ್ಸೆಂಟ್ ಮೀರದಿದ್ದರೆ ಎಲ್ಲವೂ ಗಡುವಿನೊಳಗೆ ಮುಗಿಯುತ್ತವೆ. ಅದರಾಚೆಗೂ ಮುಗಿಯಬಹುದು, ಆದರೆ ಒಂದೊಂದನ್ನೂ ಕೂತು ಪರೀಕ್ಷಿಸಬೇಕು.

ಮ್ಯಾನೇಜರಿಗೆ ಇದನ್ನೆಲ್ಲ ವಿವರಿಸಲು ಹೋಗಬೇಡಿ. "ಸರ್, ಆ 55 ಅಳೆದದ್ದು ಎಷ್ಟು ಆರ್‌ಪಿಎಂನಲ್ಲಿ?" ಎಂದಷ್ಟೇ ಕೇಳಿ. ಉತ್ತರ ಬರುವವರೆಗೆ ಪಾಲುಪಟ್ಟಿ ಮುಟ್ಟಬೇಡಿ.