ಕಠಿನಶಯ್ಯಾ ಮೀಮಾಂಸೆ

ಶಾಸ್ತ್ರಗ್ರಂಥವೆಂದ ಮೇಲೆ ಮೊದಲು ಅನುಬಂಧ ಚತುಷ್ಟಯವನ್ನು ಹೇಳಿ ಮುಗಿಸಬೇಕು. ವಿಷಯ: ಅಗ್ಗದ, ಬಲು ಗಟ್ಟಿಯಾದ ಫೋಮ್ ಹಾಸಿಗೆ ಗ್ರಾಹ್ಯವೋ ತ್ಯಾಜ್ಯವೋ ಎಂಬುದು. ಪ್ರಯೋಜನ: ಬೆಳಿಗ್ಗೆ ಸೊಂಟ ಹಿಡಿಯದೆ ಏಳುವುದು. ಸಂಬಂಧ: ಬೆನ್ನಿಗೂ ಜೇಬಿಗೂ ಇರುವಂಥದ್ದು. ಅಧಿಕಾರಿ: ಐದಾರು ಸಾವಿರ ರೂಪಾಯಿಯೊಳಗೆ ಸಿಂಗಲ್ ಹಾಸಿಗೆಯ ವ್ಯವಹಾರ ಮುಗಿಸಬೇಕೆಂದು ಹೊರಟ, ‘ಬೆನ್ನಿಗೆ ಗಟ್ಟಿ ಹಾಸಿಗೇನೇ ಒಳ್ಳೇದು ಕಣಪ್ಪ’ ಎಂದು ಮನೆಯ ಹಿರಿಯರಿಂದ ದೀಕ್ಷೆ ಪಡೆದ ಮುಮುಕ್ಷು. ಲ್ಯಾಟೆಕ್ಸ್ ಹಾಸಿಗೆಯನ್ನು ಬೆಲೆ ಕೇಳದೆ ಕೊಳ್ಳಬಲ್ಲವರಿಗೆ ಈ ಶಾಸ್ತ್ರದಲ್ಲಿ ಅಧಿಕಾರವಿಲ್ಲ.

ಗಟ್ಟಿ ಹಾಸಿಗೆಯ ಪಂಥ ಪ್ರಾಚೀನವೆಂಬುದರಲ್ಲಿ ವಿವಾದವಿಲ್ಲ. ದಿಗಂಬರ ಜೈನ ಮುನಿಗಳ 28 ಮೂಲಗುಣಗಳಲ್ಲಿ ಕ್ಷಿತಿಶಯನವೂ ಒಂದು. ಬೌದ್ಧರ ಅಷ್ಟಶೀಲದಲ್ಲಿ ಎತ್ತರದ, ವೈಭವದ ಹಾಸಿಗೆ ನಿಷಿದ್ಧ. ಮಹಾಭಾರತದ ಭೀಷ್ಮನಂತೂ ರಾಜರು ತಂದ ಮೆತ್ತನೆಯ ದಿಂಬುಗಳನ್ನು ನಿರಾಕರಿಸಿ, ಅರ್ಜುನನಿಂದ ಬಾಣದ ದಿಂಬನ್ನೇ ಮಾಡಿಸಿಕೊಂಡು ಶರಶಯ್ಯೆಯ ಮೇಲೆ 58 ರಾತ್ರಿ ಕಳೆದ. ಈಗಿನ ಕೆಲವು ಕಂಪನಿಗಳು 100 ರಾತ್ರಿಯ ಟ್ರಯಲ್ ಕೊಡುತ್ತವೆ. ಹಿಡಿಸದಿದ್ದರೆ ಹಾಸಿಗೆ ವಾಪಸ್. ಪಿತಾಮಹನಿಗೆ ಆ ಸೌಲಭ್ಯವಿರಲಿಲ್ಲ. ಈ ಮಹನೀಯರಲ್ಲಿ ಒಬ್ಬರೂ ಸೊಂಟನೋವು ವಾಸಿಯಾಗಲೆಂದು ಗಟ್ಟಿ ನೆಲ ಹಿಡಿದವರಲ್ಲ ಎಂಬುದನ್ನು ಮಾತ್ರ ಅಂಗಡಿಯವರು ಹೇಳುವುದಿಲ್ಲ.

ಯುಗವಿಭಾಗ ಹೀಗಿದೆ. ಮೊದಲನೆಯದು ಅರಳೆಯ ಯುಗ. ಪಿಂಜಾರರು ಬಿಲ್ಲಿನ ನಾರಿ ಮಿಡಿದು ಹಿಂಜಿದ ಹತ್ತಿಯ ಗಾದಿ ಕೆಲವು ವರ್ಷಗಳಲ್ಲಿ ಗಂಟುಗಂಟಾಗುತ್ತಿತ್ತು. ಬಿಸಿಲಿಗೆ ಹಾಕಿ, ಬಡಿದು, ಮತ್ತೆ ಹಿಂಜಿಸಿದರೆ ಅದಕ್ಕೆ ಪುನರ್ಜನ್ಮ. ಎರಡನೆಯದು ನಾರಿನ ಯುಗ. 1962ರಲ್ಲಿ ಮಣಿಪಾಲ ಸಮೂಹದಿಂದ ಹುಟ್ಟಿದ, ಮುಂದೆ ಕರ್ಲ್-ಆನ್ ಎಂದು ಹೆಸರಾದ ಸಂಸ್ಥೆ, ತೆಂಗಿನ ನಾರಿಗೆ ರಬ್ಬರ್ ಲೇಪಿಸಿದ ಹಾಸಿಗೆಯನ್ನು ಮನೆಮಾತಾಗಿಸಿತು. ಮೂರನೆಯದಾದ ಫೋಮ್ ಯುಗದ ಬೀಜ ಬಿದ್ದದ್ದು 1937ರಲ್ಲಿ, ಜರ್ಮನಿಯ ಲೆವರ್‌ಕೂಸನ್‌ನಲ್ಲಿ ಓಟ್ಟೊ ಬಾಯರ್ ಮತ್ತು ಸಂಗಡಿಗರು ಪಾಲಿಯುರೇಥೇನ್ ರಸಾಯನವನ್ನು ಕಂಡುಹಿಡಿದಾಗ. ಅರಳೆಗೆ ಮದ್ದಾಗಿದ್ದ ಬಿಸಿಲು ಫೋಮಿಗೆ ಕಾಮಾಲೆ ತರಿಸುತ್ತದೆ. ಅಜ್ಜಿಯ ಅಭ್ಯಾಸದಂತೆ ತಾರಸಿಯಲ್ಲಿ ಒಣಹಾಕಿದ ಹಾಸಿಗೆ ಹಳದಿಗಟ್ಟಿ ಪುಡಿಪುಡಿಯಾಗತೊಡಗುತ್ತದೆ.

ಇನ್ನು ಪರೀಕ್ಷೆ. ನ್ಯಾಯಶಾಸ್ತ್ರ ಒಪ್ಪುವ ಪ್ರಮಾಣಗಳು ನಾಲ್ಕು.

ಮೊದಲನೆಯದು ಪ್ರತ್ಯಕ್ಷ. ಗಿರಾಕಿಯಾದವನು ಅಂಗಡಿಯಲ್ಲಿ ಮೊದಲು ಅಂಗೈಯಿಂದ ಹಾಸಿಗೆ ಒತ್ತುತ್ತಾನೆ, ಆಮೇಲೆ ಅಂಚಿನಲ್ಲಿ ಕುಳಿತು ಎರಡು ಸಲ ಕುಪ್ಪಳಿಸುತ್ತಾನೆ. ಅಂಗೈಗೆ ರಾತ್ರಿ ನಿದ್ದೆಯ ಅಗತ್ಯವಿಲ್ಲ. ಕುಳಿತಾಗ ಮೈಭಾರವೆಲ್ಲ ಒಂದೇ ಕಡೆ ಬೀಳುತ್ತದೆ, ಮಲಗಿದಾಗ ಹರಡಿಕೊಳ್ಳುತ್ತದೆ. ಹೀಗಾಗಿ ಎರಡೂ ಪ್ರತ್ಯಕ್ಷಾಭಾಸ. ನಿಜವಾದ ಪ್ರತ್ಯಕ್ಷಕ್ಕೆ ಚಪ್ಪಲಿ ಬಿಟ್ಟು, ಪ್ಲಾಸ್ಟಿಕ್ ಹೊದಿಕೆಯ ಚರಚರ ಸದ್ದನ್ನೂ ಉಳಿದ ಗಿರಾಕಿಗಳ ನೋಟವನ್ನೂ ಸಹಿಸಿಕೊಂಡು ಹತ್ತು ನಿಮಿಷ ಮಲಗಬೇಕು. ಅಂಗಾತ ಮಲಗಿ ಸೊಂಟದ ಕೆಳಗೆ ಕೈ ತೂರಿಸಿದಾಗ ಅದು ಅಡೆತಡೆಯಿಲ್ಲದೆ ಅತ್ತಿತ್ತ ಓಡಾಡಿದರೆ ಆ ದೇಹಕ್ಕೆ ಆ ಹಾಸಿಗೆ ಅತಿ ಗಟ್ಟಿ. ತೂರಿಸುವುದೇ ಕಷ್ಟವಾದರೆ ಅತಿ ಮೆತ್ತಗೆ. ಮಗ್ಗುಲಾದಾಗ ಭುಜವೂ ಸೊಂಟದ ಮೂಳೆಯೂ ಒಂದಿಷ್ಟು ಒಳಗಿಳಿಯಬೇಕು. ಇಷ್ಟು ಹೊತ್ತಿಗೆ ಅಂಗಡಿಯವನು, ‘ಸಾರ್, ಮೇಲೆ ಹತ್ತಿ ನಿಂತ್ಕೊಂಡು ನೋಡಿ, ಏನೂ ಆಗಲ್ಲ’ ಎನ್ನುತ್ತಾನೆ. ನಿಂತೇ ನಿದ್ರಿಸುವವರಿಗೆ ಇದು ಉಪಯುಕ್ತ ಪ್ರಮಾಣ.

ಎರಡನೆಯದು ಅನುಮಾನ. ‘ಎಲ್ಲೆಲ್ಲಿ ಹೊಗೆಯೋ ಅಲ್ಲಲ್ಲಿ ಬೆಂಕಿ’ ಎಂಬಂತೆ ಮಾರುಕಟ್ಟೆ ಒಂದು ವ್ಯಾಪ್ತಿಯನ್ನು ಸಾರುತ್ತದೆ: ಎಲ್ಲೆಲ್ಲಿ ಡೆನ್ಸಿಟಿಯೋ ಅಲ್ಲಲ್ಲಿ ಗಟ್ಟಿತನ. ಇದು ಶುದ್ಧ ಹೇತ್ವಾಭಾಸ. ಡೆನ್ಸಿಟಿ ಎಂದರೆ ಒಂದು ಘನ ಮೀಟರ್ ಫೋಮಿನ ತೂಕ, ಅಷ್ಟೇ. ಗಟ್ಟಿತನವನ್ನು ಅಳೆಯುವುದು ಬೇರೆ ರೀತಿ: ದುಂಡನೆಯ ತಟ್ಟೆಯೊಂದರಿಂದ ಫೋಮನ್ನು ಅದರ ದಪ್ಪದ 25 ಅಥವಾ 40 ಪ್ರತಿಶತದಷ್ಟು ಅದುಮಲು ಬೇಕಾಗುವ ಬಲವೇ ಅದರ ಲೆಕ್ಕ. ಒಂದೇ ಡೆನ್ಸಿಟಿಯ ಫೋಮನ್ನು ರಸಾಯನದ ಹದ ಬದಲಿಸಿ ಗಟ್ಟಿಯಾಗಿಯೂ ಮೆತ್ತಗೂ ತಯಾರಿಸಬಹುದು. ಡೆನ್ಸಿಟಿ ಸೂಚಿಸುವುದು ಮುಖ್ಯವಾಗಿ ಬಾಳಿಕೆಯನ್ನು.

ಆದರೂ ತೂಕದ ಯಂತ್ರವೊಂದಿದ್ದರೆ ಅನುಮಾನದಿಂದ ಒಂದಿಷ್ಟು ಸತ್ಯ ಹೊರಡಿಸಬಹುದು. 72 ಇಂಚು ಉದ್ದ, 36 ಇಂಚು ಅಗಲ, 5 ಇಂಚು ದಪ್ಪದ ಹಾಸಿಗೆಯ ಗಾತ್ರ ಸುಮಾರು 0.21 ಘನ ಮೀಟರ್. ‘32 ಡೆನ್ಸಿಟಿ’ ಎಂದವನ ಫೋಮ್ ಏಳು ಕೆಜಿಯ ಆಸುಪಾಸಿನಲ್ಲಿರಬೇಕು, ‘40’ ಎಂದವನದು ಎಂಟೂವರೆ ಕೆಜಿ. ಐದೇ ಕೆಜಿ ತೂಗಿದರೆ ಉಳಿದದ್ದು ಅಂಗಡಿಯವನ ಮಾತಿನ ತೂಕ. ಹತ್ತೊಂಬತ್ತು ಕೆಜಿ ಬಂದರೆ ಸಂಭ್ರಮಿಸಬಾರದು, ಜಿಪ್ ತೆಗೆದು ನೋಡಬೇಕು. ಒಳಗೆ ಹಳೆಯ ಮನೆಯ ಮೊಸಾಯಿಕ್ ನೆಲದ ಹಾಗೆ ಗುಲಾಬಿ, ನೀಲಿ, ಹಳದಿ ಚೂರುಗಳು ಕಂಡರೆ ಅದು ರಿಬಾಂಡೆಡ್ ಫೋಮ್: ಕಾರ್ಖಾನೆಯಲ್ಲಿ ಉಳಿದ ತುಣುಕುಗಳನ್ನು ಅಂಟು ಹಾಕಿ ಒತ್ತಿದ್ದು. ಇದರ ಡೆನ್ಸಿಟಿ 80ರಿಂದ 100, ಕೆಲವೊಮ್ಮೆ ಅದಕ್ಕೂ ಹೆಚ್ಚು. ಬಾಳಿಕೆ ಬರುತ್ತದೆ, ಕುಗ್ಗುವುದಿಲ್ಲ, ಬೆನ್ನಿನ ಮಾತಿಗೆ ಬಗ್ಗುವುದೂ ಇಲ್ಲ. ಫೋಮಿಗೆ ಕ್ಯಾಲ್ಸಿಯಂ ಕಾರ್ಬೊನೇಟ್ ಪುಡಿ ಬೆರೆಸಿ ತೂಕ ಹೆಚ್ಚಿಸುವ ವಿದ್ಯೆಯೂ ಬಳಕೆಯಲ್ಲಿದೆ. ಅಂಥ ಕಡೆ ತಕ್ಕಡಿ ಹೇಳುವುದೂ ಅರ್ಧಸತ್ಯವೇ.

ಮೂರನೆಯದು ಉಪಮಾನ. ಹಸುವನ್ನು ಹೋಲುವುದು ಗವಯ ಎಂದು ನೈಯಾಯಿಕರು ಉದಾಹರಣೆ ಕೊಡುವಂತೆ, ನೆಲವನ್ನು ಹೋಲುವುದು ಕಠಿನಶಯ್ಯೆ. ಕೊಳ್ಳುವ ಮುನ್ನ ಒಂದು ವಾರ ಚಾಪೆಯ ಮೇಲೆ ಜಮಖಾನ ಹಾಸಿ ಮಲಗಿದರೆ ಹೋಲಿಕೆಗೆ ಆಧಾರ ಸಿಗುತ್ತದೆ. ಬೆನ್ನು ಒಪ್ಪಿದರೆ ಅಷ್ಟೂ ದುಡ್ಡು ಉಳಿಯಿತು. ಒಪ್ಪದಿದ್ದರೆ, ಅದೇ ಅನುಭವವನ್ನು ಐದು ಇಂಚು ಎತ್ತರದಲ್ಲಿ ಪಡೆಯಲು ದುಡ್ಡು ಯಾಕೆ ಕೊಡಬೇಕು ಎಂಬ ಪ್ರಶ್ನೆ ಏಳುತ್ತದೆ.

ನಾಲ್ಕನೆಯದು ಶಬ್ದ, ಅಂದರೆ ಆಪ್ತವಾಕ್ಯ. ಹಾಸಿಗೆಯ ಮೂಲೆಯಲ್ಲಿ ಹೊಲಿದ ಪಟ್ಟಿಯ ಮೇಲಿನ ‘ಆರ್ಥೋಪೆಡಿಕ್’ ಎಂಬ ಅಕ್ಷರಗಳನ್ನು ಗಿರಾಕಿಗಳು ವೇದವಾಕ್ಯವೆಂದು ತಿಳಿಯುತ್ತಾರೆ. ಅದನ್ನು ಬರೆಯುವುದು ಕಂಪನಿಯೇ ಹೊರತು ಮೂಳೆ ವೈದ್ಯರಲ್ಲ. ಆಪ್ತರು ಯಾರೆಂದರೆ ಸ್ಪೇನಿನ ಕೊವಾಕ್ಸ್ ಮತ್ತು ಸಂಗಡಿಗರು. ಬಹುಕಾಲದ ಸೊಂಟನೋವಿನ 313 ಜನರಲ್ಲಿ ಕೆಲವರನ್ನು ಗಟ್ಟಿ ಹಾಸಿಗೆಯ ಮೇಲೂ ಉಳಿದವರನ್ನು ಮಧ್ಯಮ ಗಟ್ಟಿತನದ ಹಾಸಿಗೆಯ ಮೇಲೂ 90 ದಿನ ಮಲಗಿಸಿದ ಅವರ ಅಧ್ಯಯನ 2003ರಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ಮಲಗಿದಾಗಿನ ನೋವು, ಏಳುವಾಗಿನ ನೋವು, ದಿನದ ಕೆಲಸಕ್ಕಾಗುವ ತೊಡಕು, ಮೂರರಲ್ಲೂ ಗೆದ್ದದ್ದು ಮಧ್ಯಮದ್ದೇ. ಮನೆಯ ಹಿರಿಯರಿಗೆ ಈ ಸಂಗತಿಯನ್ನು ತಿಳಿಸಿದಾಗ ಬರುವ ಉತ್ತರ: ‘ಸ್ಪೇನಿನವರಿಗೆ ನೆಲದ ಮೇಲೆ ಮಲಗಿ ಅಭ್ಯಾಸ ಎಲ್ಲಿದೆ?’ ಇದಕ್ಕೆ ಖಂಡನೆ ಬರೆಯಲು ಯಾವ ಪಂಡಿತನಿಗೂ ಧೈರ್ಯವಿಲ್ಲ.

ಇನ್ನು ಸಿದ್ಧಾಂತ. ಮೈಭಾರ ಹೆಚ್ಚಿರುವವರಿಗೆ, ಅಂಗಾತ ಅಥವಾ ಬೋರಲು ಮಲಗುವವರಿಗೆ, ವರ್ಷಕ್ಕೆ ನಾಲ್ಕು ದಿನ ಬರುವ ನೆಂಟರ ಕೋಣೆಗೆ ಅಗ್ಗದ ಗಟ್ಟಿ ಹಾಸಿಗೆ ಗ್ರಾಹ್ಯ. ರಿಬಾಂಡೆಡ್ ಆದರೂ ಮೇಲೆ ಒಂದೆರಡು ಇಂಚು ಮೆತ್ತನೆಯ ಪದರವಿರಬೇಕು. ತೆಳ್ಳಗಿನವರಿಗೆ, ಮಗ್ಗುಲಾಗಿ ಮಲಗುವವರಿಗೆ ತ್ಯಾಜ್ಯ. ವಾರಂಟಿಯನ್ನು ನಂಬಿ ಕೂರುವಂತಿಲ್ಲ. ಅದು ಹಾಸಿಗೆ ಕುಸಿದರೆ ಅನ್ವಯವಾಗುತ್ತದೆ, ಕುಸಿಯದೆ ಮೊಂಡು ಹಿಡಿದರೆ ಅಲ್ಲ. ತಂದ ಮೇಲೆ ಅತಿ ಗಟ್ಟಿಯೆನಿಸಿದವರು ಅದರ ಮೇಲೆ ಹಾಸುವ ಮೆತ್ತನೆಯ ಟಾಪರ್ ಕೊಳ್ಳಲು ಹೊರಡುತ್ತಾರೆ. ಆಗ ಎರಡೂ ಬಿಲ್ ಕೂಡಿಸಿದರೆ ಮೊದಲೇ ಮಧ್ಯಮ ಗಟ್ಟಿತನದ ಒಳ್ಳೆಯ ಹಾಸಿಗೆ ಬರುತ್ತಿತ್ತು. ಹಳೆಯ ಸೀರೆಗಳನ್ನು ಪದರಪದರವಾಗಿ ಹೊಲಿದ ಕೌದಿ ಪೆಟ್ಟಿಗೆಯಲ್ಲಿ ಮಡಚಿ ಇಟ್ಟಿರುವ ಮನೆಗಳಿಗೆ ಮಾತ್ರ ಈ ಖರ್ಚಿಲ್ಲ. ಅಂಥವರು ಧೈರ್ಯವಾಗಿ ಅಗ್ಗದ್ದನ್ನೇ ಕೊಳ್ಳಬಹುದು. ಮೂರನೇ ಮಹಡಿಗೆ ಹೊತ್ತು ತರುವ ಕೂಲಿ ಯಾರದೆಂದು ಬಿಲ್ ಹಾಕಿಸುವ ಮುಂಚೆ ಕೇಳಿಕೊಂಡರಾಯಿತು.