ಮನಸ್ಸಿನ ಕಾಟಾ: ಐದು ತಾಲ್ಲೂಕುಗಳ ವಿಧಾನಶಾಸ್ತ್ರಕ್ಕೊಂದು ಪ್ರವೇಶಿಕೆ

ತನ್ನನ್ನು ತಾನು ಅರಿಯಬೇಕೆಂಬ ಮನುಷ್ಯನ ಹಳೆಯ ಹಂಬಲಕ್ಕೆ ಮೊಬೈಲು ಕೊಟ್ಟ ಉತ್ತರವೇ ವ್ಯಕ್ತಿತ್ವ ಪರೀಕ್ಷೆ. ಇದರಲ್ಲಿ ಮನುಷ್ಯರನ್ನು ಪಂಗಡಗಳಾಗಿ ವಿಂಗಡಿಸುವ ಬಗೆಗೆ ಮೂಲಪುರುಷ ಸ್ವಿಟ್ಜರ್ಲೆಂಡಿನ ಕಾರ್ಲ್ ಯೂಂಗ್. 1921ರ ಗ್ರಂಥದಲ್ಲಿ ಆತ ವಿಚಾರ, ಭಾವ, ಇಂದ್ರಿಯಗ್ರಹಣ, ಅಂತಃಸ್ಫೂರ್ತಿ ಎಂದು ನಾಲ್ಕು ಮನೋವ್ಯಾಪಾರ ಹೇಳಿ, ಒಂದೊಂದಕ್ಕೂ ಒಳಮುಖ, ಹೊರಮುಖ ಇಟ್ಟು ಎಂಟು ಮಾಡಿದ. ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಆಕೆಯ ಮಗಳು ಇಸಬೆಲ್ ಮೈಯರ್ಸ್ ಅದನ್ನು ನಾಲ್ಕಕ್ಷರದ ಹೆಸರಿನ 16 ಪಂಗಡಗಳಿಗೆ ಏರಿಸಿದರು. ಈಗ ಚಿಕ್ಕೋಡಿಯ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬರುವುದರೊಳಗೆ ಒಂದು ಪರೀಕ್ಷೆ ಮುಗಿಸಬಹುದು. ಬಸ್ಸು ತಡವಾದರೆ ಮೂರು. ಮೂರೂ ಮೂರು ಥರ ಹೇಳಿದರೆ ಯಾವುದನ್ನು ನಂಬಬೇಕು? ವಿದ್ವಾಂಸರು ಉತ್ತರವನ್ನು ಯೂಂಗನ ಜ್ಯೂರಿಕ್‌ನಲ್ಲಿ ಹುಡುಕಿದರು. ಅದು ರಾಯಬಾಗದ ಕಬ್ಬಿನ ಟ್ರ್ಯಾಕ್ಟರಿನಲ್ಲಿದೆ ಎಂಬುದು ಈ ಪ್ರಬಂಧದ ಪ್ರತಿಪಾದನೆ.

ಕೃಷ್ಣೆಯ ದಂಡೆಯ ಕಬ್ಬು ಬೆಳೆಗಾರ ಫ್ಯಾಕ್ಟರಿಯ ಕಾಟಾವನ್ನು, ಅಂದರೆ ತೂಕದ ಯಂತ್ರವನ್ನು, ಸುಮ್ಮನೆ ನಂಬಿ ಕೂರುವವನಲ್ಲ. ದಾರಿಯಲ್ಲಿ ಖಾಸಗಿ ಕಾಟಾ ಸಿಕ್ಕರೆ ಅದರ ಮೇಲೂ ಟ್ರ್ಯಾಕ್ಟರ್ ಹತ್ತಿಸಿ, ಚೀಟಿ ಹರಿಸಿ, ಅಂಗಿಯ ಕಿಸೆಯಲ್ಲಿ ಇಟ್ಟುಕೊಳ್ಳುವುದು ಅವನ ಜ್ಞಾನಮೀಮಾಂಸೆ. ಹೇರು ಅದೇ, ತೂಕ ಬೇರೆ ಬಂದರೆ ತಪ್ಪು ಕಬ್ಬಿನದಲ್ಲ. ಮನಶ್ಶಾಸ್ತ್ರಜ್ಞರು ಪರೀಕ್ಷೆಯ ವಿಶ್ವಾಸಾರ್ಹತೆ ಎಂದು ಅಧ್ಯಾಯಗಟ್ಟಲೆ ಬರೆದಿರುವುದು ಇಷ್ಟನ್ನೇ. ಆದರೆ ರೈತ ಅವರಿಗಿಂತ ಒಂದು ಹೆಜ್ಜೆ ಮುಂದೆ: ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯನ್ನೂ ತೂಗಿಸಿ ಕಳೆಯುತ್ತಾನೆ. ಆನ್‌ಲೈನ್ ಪರೀಕ್ಷೆಗೆ ಈ ಎರಡನೇ ತೂಕದ ಕಲ್ಪನೆಯೇ ಇಲ್ಲ. ‘ನೀವು ಆಳವಾಗಿ ಯೋಚಿಸುತ್ತೀರಾ?’ ಎಂದು ಕೇಳಿದರೆ ಇಲ್ಲ ಎನ್ನುವವನು ಚಿಕ್ಕೋಡಿ, ರಾಯಬಾಗ, ನಿಪ್ಪಾಣಿ, ಅಥಣಿ, ಕಾಗವಾಡ ಈ ಐದೂ ತಾಲ್ಲೂಕಿನಲ್ಲಿ ಸಿಗಲಾರ. ಜಾಣನೆನಿಸಿಕೊಳ್ಳುವ ಆಸೆಯೇ ಇಲ್ಲಿ ಗಾಡಿ. ಅದನ್ನೂ, ಜೊತೆಗೆ ಬಂದ ಒಣ ಎಲೆಯ ರವದಿಯನ್ನೂ ಸೇರಿಸಿ ಪರೀಕ್ಷೆ ಎಲ್ಲವನ್ನೂ ಕಬ್ಬೆಂದೇ ಬರೆದುಕೊಳ್ಳುತ್ತದೆ. ಆದ್ದರಿಂದ ಮೊದಲ ನಿಯಮ: ಒಂದೇ ಪ್ರಶ್ನೆಯನ್ನು ತಿರುಗಿಸಿ ಮುರುಗಿಸಿ ಕೇಳಿ ಸಿಕ್ಕಿಹಾಕಿಸುವ ಪರೀಕ್ಷೆಯೇ ವಾಸಿ. ಎರಡನೆಯದು: ಬರೀ ಪಂಗಡದ ಹೆಸರು ಹೇಳಿ ಕಳಿಸುವುದಕ್ಕಿಂತ ಎಂಟೂ ವ್ಯಾಪಾರಗಳ ಅಂಕಿ ತೋರಿಸುವುದು ಮೇಲು. ತೂಕದ ಚೀಟಿಯಲ್ಲಿ ‘ಒಳ್ಳೆಯ ಕಬ್ಬು’ ಎಂದಷ್ಟೇ ಬರೆದುಕೊಟ್ಟರೆ ಯಾರು ಸುಮ್ಮನಿರುತ್ತಾರೆ?

ಅಂಕಿ ಏಕೆ ಬೇಕೆಂಬುದಕ್ಕೆ ಸಾಕ್ಷಿ ನಿಪ್ಪಾಣಿ. 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಚಂದಗಡ ತಾಲ್ಲೂಕು ಮಾತ್ರ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಗೆರೆ ಎಲ್ಲೋ ಒಂದು ಕಡೆ ಬೀಳಲೇಬೇಕು, ಸರಿ. ಆದರೆ ನಿಪ್ಪಾಣಿಯ ತಂಬಾಕಿನ ಪೇಟೆಯಲ್ಲಿ ಕನ್ನಡದಲ್ಲಿ ದರ ಕೇಳಿ, ಮರಾಠಿಯಲ್ಲಿ ಚೌಕಾಸಿ ಮಾಡಿ, ಬೈಯುವಾಗ ಎರಡನ್ನೂ ಬಳಸುವವನನ್ನು ಹಿಡಿದು ‘ಒಂದೇ ಹೇಳು’ ಎಂದರೆ ಅವನು ಕೊಡುವ ಉತ್ತರ ಗಡಿಯ ಬಗ್ಗೆ ಹೇಳುತ್ತದೆಯೇ ಹೊರತು ಅವನ ನಾಲಿಗೆಯ ಬಗ್ಗೆ ಅಲ್ಲ. ನಾಲ್ಕಕ್ಷರದ ಪರೀಕ್ಷೆ ಮಾಡುವುದು ಇದನ್ನೇ. ಶೇ. 51 ಒಂದು ಪಂಗಡ, 49 ಮತ್ತೊಂದು. ಯೂಂಗನ ವ್ಯಾಪಾರಗಳ ಲೆಕ್ಕ ಹಿಡಿದರಂತೂ ಅನಾಹುತ: ಐಎನ್‌ಟಿಜೆ ಎಂಬ ಪಂಗಡದ ಕೊನೆಯ ಅಕ್ಷರ ಬದಲಾಗಿ ಐಎನ್‌ಟಿಪಿ ಆದರೆ ಒಳಗಿನ ನಾಲ್ಕೂ ಮುಖ್ಯ ವ್ಯಾಪಾರಗಳು ಬೇರೆಯಾಗುತ್ತವೆ, ಒಂದೂ ಉಳಿಯುವುದಿಲ್ಲ. ಬದುವು ಒಂದು ಸಾಲು ಸರಿದದ್ದಕ್ಕೆ ಹೊಲದ ಕಬ್ಬೆಲ್ಲ ಜೋಳವಾದಂತೆ.

ಆಕ್ಷೇಪಗಳಿವೆ. ಮನುಷ್ಯ ಕಬ್ಬಲ್ಲ, ದಿನಕ್ಕೊಂದು ಮನಸ್ಸು ಎನ್ನುವವರಿಗೆ: ಕಬ್ಬೂ ಕಡಿದು ಎರಡು ದಿನ ಬಿಸಿಲಿಗೆ ಬಿದ್ದರೆ ಒಣಗಿ ತೂಕ ಇಳಿಯುತ್ತದೆ, ಆದರೂ ಕಾಟಾ ಅದನ್ನು ಜೋಳ ಎಂದು ಕರೆಯುವುದಿಲ್ಲ. ‘ಅಷ್ಟೂ ನನ್ನ ಬಗ್ಗೆಯೇ ಬರೆದಂತಿದೆಯಲ್ಲ’ ಎಂಬ ಎರಡನೇ ಆಕ್ಷೇಪ ಗಟ್ಟಿ, ಆದರೆ ಎಲ್ಲರಿಗೂ ಸಲ್ಲುವುದು ತನ್ನದೇ ಎನಿಸುವುದು ಕಬ್ಬಿನಲ್ಲೂ ಉಂಟು. ಸರ್ಕಾರ ಗೊತ್ತುಮಾಡುವ ಕಬ್ಬಿನ ಎಫ್‌ಆರ್‌ಪಿ ದರಕ್ಕೆ ಶೇ. 10.25 ರಿಕವರಿ, ಅಂದರೆ ಕಬ್ಬಿನಿಂದ ಸಿಗುವ ಸಕ್ಕರೆಯ ಪಾಲು, ಆಧಾರವಷ್ಟೇ. ದರಕ್ಕೆ ಲೆಕ್ಕ ಹಿಡಿಯುವ ರಿಕವರಿ ಇಡೀ ಫ್ಯಾಕ್ಟರಿಯ ಸರಾಸರಿ, ಯಾರೊಬ್ಬನ ಕಬ್ಬಿನ ಸಿಹಿಯೂ ಅಲ್ಲ. ಆದರೂ ಪ್ರತಿಯೊಬ್ಬನೂ ಅದನ್ನು ತನ್ನ ಹೊಲದ ಲೆಕ್ಕವೆಂದೇ ಓದುತ್ತಾನೆ. 1948ರಲ್ಲಿ ಬರ್ಟ್ರಾಮ್ ಫೋರರ್ ಎಂಬ ಪ್ರಾಧ್ಯಾಪಕ 39 ವಿದ್ಯಾರ್ಥಿಗಳಿಗೆ ‘ಇದು ನಿನ್ನದೇ ವರದಿ’ ಎಂದು ಒಂದೇ ಬರಹ ಹಂಚಿ ಅಂಕ ಹಾಕಿಸಿದ. ಸರಾಸರಿ 5ಕ್ಕೆ 4.26. ಬರಹದ ಬಹುಪಾಲು ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಗಿಳಿ ಎಳೆದ ಕಾರ್ಡಿಗೆ ಎಷ್ಟು ಅಂಕ ಬಿದ್ದೀತೆಂದು ಯಾರೂ ಎಣಿಸಿಲ್ಲವೆಂಬುದು ಶಾಸ್ತ್ರದ ದೊಡ್ಡ ಕೊರತೆ.

ಮೂರನೇ ಆಕ್ಷೇಪ ಚಪ್ಪಲಿ ಹೊಲಿಯುವ ಅಥಣಿಯ ಕಡೆಯದು. ಕೊಲ್ಹಾಪುರಿ ಚಪ್ಪಲಿ, ಅಂದರೆ 2019ರ ಜಿಐ ಮಾನ್ಯತೆಯಲ್ಲಿ ಬೆಳಗಾವಿ ಜಿಲ್ಲೆಗೂ ಪಾಲಿರುವ ಚಪ್ಪಲಿ, ಮೊದಮೊದಲು ಕಚ್ಚಿ ಆಮೇಲೆ ಕಾಲಿಗೆ ಹೊಂದಿಕೊಳ್ಳುತ್ತದೆ, ಪರೀಕ್ಷೆಯೂ ಹಾಗೇಕಾಗಬಾರದು? ಆಗುತ್ತದೆ, ಆದರೆ ಉಲ್ಟಾ. ಅಂತರ್ಮುಖಿ ಎಂದು ಬಂದ ಮರುದಿನದಿಂದ ಮದುವೆಯ ಪಂಕ್ತಿಯಲ್ಲಿ ಮೂಲೆ ಹುಡುಕಲು ಶುರು. ಇಲ್ಲಿ ಚಪ್ಪಲಿಗೆ ತಕ್ಕಂತೆ ಕಾಲು ಸಣ್ಣದಾಗುತ್ತದೆ.

ನಿಯಮಗಳೇನೋ ಸಿದ್ಧವಾದವು. ಪಾಲನೆಯ ಮಾತಿಗೆ ಬಂದರೆ ಕಾಗವಾಡದ ಉದಾಹರಣೆ ಕಸಿವಿಸಿ ತರುತ್ತದೆ. ಅಲ್ಲಿ ಕಾಟಾ ಎಷ್ಟೇ ನಿಖರವಾಗಿರಲಿ, ಗಡಿಯಾಚೆಯ ಮಹಾರಾಷ್ಟ್ರದ ಫ್ಯಾಕ್ಟರಿ ಟನ್ನಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟರೆ ಟ್ರ್ಯಾಕ್ಟರ್ ಆಚೆಗೇ ತಿರುಗುತ್ತದೆ. ಒಂದು ಪರೀಕ್ಷೆ ‘ಶಿಸ್ತಿನ ಗುಮಾಸ್ತ’ ಎಂದು, ಇನ್ನೊಂದು ‘ಅಪರೂಪದ ದಾರ್ಶನಿಕ’ ಎಂದು ಹೇಳಿದಾಗಲೂ ಗಾಡಿ ಯಾವ ಕಡೆ ಹೊರಳುತ್ತದೆಂದು ನೋಡಲು ಕಾಟಾ ಬೇಕಾಗಿಲ್ಲ.